ಗೋಡೆಯ ಮೇಲಿನ ಕೋವಿ, ಠಾಣೆಯ ಮೂಲೆಯ ತುಕ್ಕು

1959ರ ಭಾರತೀಯ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಮಾತಿದೆ. ಪ್ರಾಮಾಣಿಕವಾಗಿ ಬೆಳೆರಕ್ಷಣೆಯ ಸಲುವಾಗಿ ಒಬ್ಬ ನಾಗರಿಕ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೇಳಿದರೆ, ನಿರಾಕರಿಸಲು ಕಾನೂನುಬದ್ಧ ಕಾರಣವಿಲ್ಲದಿದ್ದಲ್ಲಿ ಅಧಿಕಾರಿಯು ಅದನ್ನು ನೀಡತಕ್ಕದ್ದು. ಅಂಥ ಕೋವಿಯಿಂದ ಬೆಳೆ ಉಳಿಯದು ಎಂದು ಮನವರಿಕೆಯಾದರೆ ಮಾತ್ರ ಅದಕ್ಕಿಂತ ಮೇಲಿನ ಕೋವಿಯ ವಿಚಾರ. ಸ್ವತಂತ್ರ ಭಾರತದ ಸಂಸತ್ತು ರೈತನ ಕೈಗೆ ಹೆಸರಿಟ್ಟು ಕೊಟ್ಟ ಏಕೈಕ ಆಯುಧ ಇದು ಎಂದರೆ ತಪ್ಪಾಗಲಾರದು.

ಕೊಪ್ಪ ತಾಲೂಕಿನ ಕಮ್ಮರಡಿಯ ಸುತ್ತಮುತ್ತ, ಶೃಂಗೇರಿ ಮತ್ತು ನರಸಿಂಹರಾಜಪುರದ ಅಡಿಕೆ ತೋಟಗಳ ನಡುವಿನ ಹಳೆಯ ಮನೆಗಳಲ್ಲಿ ಈ ಆಯುಧಕ್ಕೆ ಕೇಪಿನ ಕೋವಿ ಎಂದು ಹೆಸರು. ಪರವಾನಗಿ ಪುಸ್ತಕದಲ್ಲಿ ಅದು ‘ಎಸ್‌ಬಿಎಂಎಲ್’ ಎಂಬ ನಾಲ್ಕಕ್ಷರದ ಒಗಟು. ಒಂದು ನಳಿಗೆ, ಒಂದು ಕುದುರೆ, ಮದ್ದು ಜಡಿಯಲು ಒಂದು ಸರಳು, ಇಷ್ಟೇ ಅದರ ಸಂಸಾರ. ಆಯುಧಪೂಜೆಯ ದಿನ ಕತ್ತಿ, ಗುದ್ದಲಿ, ನೇಗಿಲುಗಳ ಸಾಲಿನಲ್ಲಿ ಅದಕ್ಕೂ ಕುಂಕುಮ ಬೀಳುತ್ತದೆ. ಆ ಸಾಲು ಅರ್ಥಪೂರ್ಣವಾದುದು. ಮಲೆನಾಡಿನ ಕೃಷಿಕನ ದೃಷ್ಟಿಯಲ್ಲಿ ಕೋವಿಯೊಂದು ಬೇಸಾಯದ ಸಲಕರಣೆ. ಸರ್ಕಾರದ ದೃಷ್ಟಿಯಲ್ಲಿ ಅದು ಶಸ್ತ್ರ. ಇವೆರಡರ ನಡುವೆ ಸಿಕ್ಕಿಕೊಂಡು ಆ ವಸ್ತು ಇಂದು ಸಲಕರಣೆಯಾಗಿಯೂ ಉಳಿಯುತ್ತಿಲ್ಲ, ಪರಂಪರೆಯ ಕುರುಹಾಗಿಯೂ ಉಳಿಯುತ್ತಿಲ್ಲ.

ಈ ಕೋವಿಯ ಹಿಂದೆ ಸಾಕಷ್ಟು ಉದ್ದದ ಚರಿತ್ರೆಯಿದೆ. ಬತ್ತಿ ಹಚ್ಚುವ ಕೋವಿ, ಅನಂತರ ಚಕಮಕಿ ಕಲ್ಲಿನ ಕೋವಿ, ಅದಾದ ಮೇಲೆ ಕೇಪಿನದು. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿ 1807ರಲ್ಲಿ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್. ಚಕಮಕಿಯ ಕಿಡಿ ಕಂಡೊಡನೆ ಹಕ್ಕಿಗಳು ಹಾರಿಹೋಗುತ್ತಿದ್ದುದು ಈ ಶಿಕಾರಿಪ್ರಿಯ ಪಾದ್ರಿಯನ್ನು ಸಂಶೋಧನೆಗೆ ಹಚ್ಚಿತಂತೆ. ಮುಂದೆ ಬಂದ ತಾಮ್ರದ ಪುಟ್ಟ ಟೊಪ್ಪಿಗೆಯೇ ನಮ್ಮ ‘ಕೇಪು’. ಮಳೆಯ ಸೀಮೆಗೆ ಇದು ವರವಾಯಿತು. ಬತ್ತಿ ಆರುವ, ಕಿಡಿ ನೆನೆಯುವ ಭಯ ತಪ್ಪಿತು. 1857ರ ದಂಗೆಗೆ ಕಿಡಿ ಹೊತ್ತಿಸಿದ ಎನ್‌ಫೀಲ್ಡ್ ಬಂದೂಕವೂ ಇದೇ ಕುಲದ್ದು. ಹಲ್ಲಿನಿಂದ ಕಚ್ಚಿ ತೆರೆಯಬೇಕಿದ್ದ ಅದರ ಕಾಗದದ ತೋಟಾಗಳ ಕತೆ ಶಾಲಾ ಮಕ್ಕಳಿಗೂ ಗೊತ್ತು. ದಂಗೆಯ ನಂತರ ಸರ್ಕಾರ ಜನರಿಂದ ಆಯುಧಗಳನ್ನು ಕಸಿಯಿತು. 1878ರಲ್ಲಿ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಬಂದಿತು. ರಾಷ್ಟ್ರೀಯ ಚಳವಳಿ ಆ ಕಾಯ್ದೆಯನ್ನು ಅವಮಾನವೆಂದೇ ಪರಿಗಣಿಸಿತ್ತು. 1959ರ ಕಾಯ್ದೆಯಲ್ಲಿ ರೈತನ ಕೋವಿಯ ಪ್ರಸ್ತಾಪ ಬಂದುದರ ಹಿಂದೆ ಈ ನೆನಪೂ ಇದ್ದಿರಬೇಕು.

ಅದಕ್ಕೂ ಹಿಂದೆ ಇಕ್ಕೇರಿ, ಬಿದನೂರುಗಳ ಆಳ್ವಿಕೆ ನಡೆದ, ಆಮೇಲೆ ಹೈದರ್ ಮತ್ತು ಟಿಪ್ಪುವಿನ ಕೈಸೇರಿದ ಸೀಮೆ ಇದು. ಹೊಸನಗರ ತಾಲೂಕಿನ ಬಿದನೂರು ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ದೊರೆತದ್ದು ದೇಶವಿದೇಶಗಳಲ್ಲಿ ಸುದ್ದಿಯಾಯಿತು. ಟಿಪ್ಪುವಿನ ಕಾಲದವೆಂದು ಗುರುತಿಸಲಾದ ಅವುಗಳಿಗೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ನೆಲೆ ದೊರೆಯಿತು. ಟಿಪ್ಪುವಿನ ಚಕಮಕಿ ಬಂದೂಕಗಳು 2015ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಹರಾಜಾದಾಗಲೂ ನಮ್ಮ ಪತ್ರಿಕೆಗಳು ಮರುಗಿದವು. ಅರಸನ ಆಯುಧಕ್ಕೆ ಬಾವಿಯ ಕೆಸರಿನಲ್ಲಿಯೂ ಮರ್ಯಾದೆಯಿದೆ. ಅದೇ ಸೀಮೆಯ ರೈತನ ಕೋವಿಗೆ ಮಾತ್ರ ಕೊನೆಗೆ ದೊರೆಯುವುದು ಠಾಣೆಯ ಕೊಠಡಿಯ ಮೂಲೆ. ಕೊಪ್ಪ ತಾಲೂಕಿನದೇ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ತಮ್ಮ ಕಾದಂಬರಿಗಳಲ್ಲಿ ಮಲೆನಾಡಿನ ಬೇಟೆಗೆ ಎಷ್ಟು ಪುಟಗಳನ್ನು ಮೀಸಲಿಟ್ಟರೆಂಬುದನ್ನು ಓದುಗರು ಬಲ್ಲರು. ಆ ಪುಟಗಳಲ್ಲಿ ಬರುವಂಥ ಕೋವಿಯೊಂದನ್ನು ಇಂದಿನ ವಿದ್ಯಾರ್ಥಿಗೆ ತೋರಿಸಬೇಕೆಂದರೆ ಯಾವ ಊರಿಗೆ ಕರೆದೊಯ್ಯಬೇಕು?

ಶಾಸನ ರಚಿಸಿದವರು ಈ ಕೋವಿಯನ್ನೇ ಏಕೆ ಆರಿಸಿದರು ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಹೀಗೆ ತಿಳಿದಿದ್ದೇನೆ. ಇದು ಅಗ್ಗ. ಪ್ರತಿ ಈಡಿಗೂ ಕಾರ್ಖಾನೆಯ ತೋಟಾ ಕೊಳ್ಳಬೇಕಿಲ್ಲ. ಚಿಟಿಕೆ ಮದ್ದು, ತುಸು ಬಟ್ಟೆಚೂರು, ಒಂದು ಕೇಪು ಇದ್ದರೆ ಸದ್ದು ಸಿದ್ಧ. ಎರಡನೆಯದಾಗಿ ಇದು ನಿಧಾನ. ಒಂದು ಈಡಿನ ಬಳಿಕ ಮತ್ತೆ ತುಂಬಿಕೊಳ್ಳಲು ಅಭ್ಯಾಸವಿದ್ದವನಿಗೂ ಹೊತ್ತು ಹಿಡಿಯುತ್ತದೆ. ದರೋಡೆಗೆ, ದೊಂಬಿಗೆ, ದಂಗೆಗೆ ಇದು ಒದಗದು. ಆದರೆ ಅಡಿಕೆ ಮರದ ಮೇಲೆ ಎಳೆಯ ಕಾಯಿ ಕಿತ್ತು ಎಸೆಯುತ್ತಿರುವ ಮಂಗಗಳ ಹಿಂಡಿಗೆ, ಗದ್ದೆಗೆ ನುಗ್ಗಿದ ಹಂದಿಗೆ ಬರೀ ಮದ್ದಿನ ಒಂದು ಸದ್ದು ಆ ಹೊತ್ತಿಗೆ ಸಾಕು. ಆಯುಧದ ದೌರ್ಬಲ್ಯವೇ ಇಲ್ಲಿ ಅದರ ಯೋಗ್ಯತೆ. ಓಡಿಸಿದ ಮಂಗಗಳು ನೆರೆಯವನ ತೋಟ ಸೇರುತ್ತವೆ, ಒಬ್ಬನ ಲಾಭ ಇನ್ನೊಬ್ಬನ ನಷ್ಟವಾಗುತ್ತದೆ ಎಂಬ ಆಕ್ಷೇಪ ನಿಜ. ಅದು ಕೋವಿಯಿಂದ ಬಗೆಹರಿಯುವ ಸಮಸ್ಯೆಯಲ್ಲ. ಆದರೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳಿಂದ ಈಗಾಗಲೇ ಕಂಗೆಟ್ಟಿರುವ ಬೆಳೆಗಾರನಿಗೆ ಅಷ್ಟು ದೂರದ ಲೆಕ್ಕ ಹಾಕುತ್ತ ಕೂರುವ ಅನುಕೂಲವಿಲ್ಲ.

ಈ ಕೋವಿಯ ಪಾಲನೆ ಒಂದು ಶಿಸ್ತು. ಕರಿಮದ್ದು ಉರಿದ ಮೇಲೆ ನಳಿಗೆಯೊಳಗೆ ಉಳಿಯುವ ಕಿಟ್ಟ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯ ಬಗೆಯ ಕೇಪು ಉಳಿಸಿಹೋಗುವ ಉಪ್ಪಿನಂಶ ಕಬ್ಬಿಣವನ್ನು ತಿನ್ನುತ್ತದೆ, ಅದು ಎಣ್ಣೆಯಲ್ಲಿ ಕರಗುವುದೂ ಇಲ್ಲ. ಆದ್ದರಿಂದ ಮೊದಲು ಬಿಸಿನೀರಿನಲ್ಲಿ ತೊಳೆಯಬೇಕು, ಪೂರ್ತಿ ಒಣಗಿಸಬೇಕು, ಅನಂತರ ಎಣ್ಣೆ ಸವರಬೇಕು. ಕಬ್ಬಿಣಕ್ಕೆ ನೀರು ಹಾಕುವುದೇ ಎಂದು ಹೊಸಬರು ಬೆರಗಾಗುತ್ತಾರೆ. ತೊಳೆಯದೆ ಎಣ್ಣೆ ಬಳಿದವನ ಕೋವಿ ಒಂದು ಮಳೆಗಾಲದಲ್ಲಿ ಒಳಗೊಳಗೇ ಹುಣ್ಣಾಗುತ್ತದೆ. ಆಗುಂಬೆಯ ಮಗ್ಗುಲಿನ ಈ ಸೀಮೆಯಲ್ಲಿ ಮಳೆಗಾಲವೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಮರದ ಭಾಗ ಉಬ್ಬುತ್ತದೆ, ತಿರುಪುಗಳು ಕಚ್ಚಿಕೊಳ್ಳುತ್ತವೆ, ಕುದುರೆಯ ಕಮಾನು ಸೋಲುತ್ತದೆ. ಕಮಾನು ಸೋತ ಕೋವಿ ಕೇವಲ ನಿರುಪಯೋಗಿಯಲ್ಲ, ಅಪಾಯಕಾರಿ. ಎಳೆದು ನಿಲ್ಲಿಸಿದ ಕುದುರೆ ತನ್ನಷ್ಟಕ್ಕೆ ಬಿದ್ದರೆ ಮುಂದೆ ನಿಂತವರ ಗತಿಯೇನು?

ಹಳೆಯ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸಿಗಳಿಗೆ ಇನ್ನೊಂದು ಎಚ್ಚರಿಕೆ. ಅಟ್ಟದ ಮೇಲೆ ಸಿಕ್ಕ ಇಂಥ ಕೋವಿಯಲ್ಲಿ ಮದ್ದು ತುಂಬಿಯೇ ಇರಬಹುದು. ನಳಿಗೆಯ ಬಾಯಿಯಿಂದ ತುಂಬಿದ್ದನ್ನು ಸಿಡಿಸದೆ ಹೊರತೆಗೆಯುವುದು ಕಷ್ಟವಾದ್ದರಿಂದ ಹಿಂದಿನವರು ಹಾಗೆಯೇ ತೂಗುಹಾಕಿಬಿಡುತ್ತಿದ್ದರು. ದಶಕಗಳು ಕಳೆದರೂ ಒಣಗಿದ ಕರಿಮದ್ದು ಸತ್ತಿರುವುದಿಲ್ಲ. ಸರಳನ್ನು ಒಳಗಿಳಿಸಿ ಎಷ್ಟು ಆಳಕ್ಕೆ ಹೋಯಿತೆಂದು ನಳಿಗೆಯ ಹೊರಮೈಯ ಮೇಲೆ ಅಳೆದು ನೋಡಿದರೆ ಒಳಗೆ ಏನಾದರೂ ಇದೆಯೇ ಎಂಬುದು ತಿಳಿಯುತ್ತದೆ. ಇದ್ದರೆ ತಜ್ಞರನ್ನು ಕರೆಸುವುದೊಂದೇ ದಾರಿ. ಹಾಗೆಯೇ, ಹೊಳಪು ಬರಲೆಂದು ಮರಳುಕಾಗದ ಹಿಡಿದು ಉಜ್ಜುವವರು ಶತಮಾನದ ಬಣ್ಣವನ್ನೂ, ಮಾಡಿದವನ ಗುರುತನ್ನೂ ಒಟ್ಟಿಗೇ ಅಳಿಸಿಹಾಕುತ್ತಾರೆ.

ತಜ್ಞರನ್ನು ಕರೆಸಬೇಕು ಎಂದೆ. ಆದರೆ ಆ ತಜ್ಞರೆಲ್ಲಿ? ಒಂದು ಕಾಲಕ್ಕೆ ಊರ ಕಮ್ಮಾರ ಈ ಕೆಲಸ ಮಾಡುತ್ತಿದ್ದ. ಕಮಾನು ಬಡಿದು ಹದ ಹಾಕುವುದು, ಸವೆದ ಕುದುರೆಗೆ ಹಲ್ಲು ತೀಡುವುದು, ಕೇಪು ಕೂರುವ ತುದಿ ಬದಲಿಸುವುದು ಕತ್ತಿ ಹದಮಾಡುವ ಕೈಗೆ ಅಸಾಧ್ಯವಾದ ಕೆಲಸಗಳೇನೂ ಅಲ್ಲ. ಕಾನೂನಿನ ಪ್ರಕಾರ ಇದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಕಾಯ್ದೆಯ 5ನೇ ಕಲಂ ತಯಾರಿಕೆ, ಮಾರಾಟಗಳ ಜೊತೆಯಲ್ಲಿಯೇ ದುರಸ್ತಿಯನ್ನೂ ಹೆಸರಿಸುತ್ತದೆ. 2019ರ ತಿದ್ದುಪಡಿಯ ಬಳಿಕ ಇದನ್ನು ಉಲ್ಲಂಘಿಸಿದವರಿಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಅಕ್ರಮ ಪಿಸ್ತೂಲು ಕಾರ್ಖಾನೆ ನಡೆಸುವವನಿಗೆ ಈ ಶಿಕ್ಷೆ ಹೆಚ್ಚಲ್ಲ. ಪರವಾನಗಿ ಹೊಂದಿದ ನೆರೆಯವನ ಕೋವಿಯ ಕಮಾನು ಸರಿಪಡಿಸಿದ ಕಮ್ಮಾರನೂ ಅದೇ ಕಲಮಿನ ಅಡಿಯಲ್ಲಿ ನಿಲ್ಲಬೇಕೆಂಬುದು ಮಾತ್ರ ಯೋಚಿಸಬೇಕಾದ ಸಂಗತಿ. ಇಟ್ಟುಕೊಳ್ಳಲು ಪರವಾನಗಿ ಕೊಟ್ಟ ಸರ್ಕಾರ ಕೆಟ್ಟರೆ ಎಲ್ಲಿಗೆ ಹೋಗಬೇಕೆಂದು ಹೇಳುವುದಿಲ್ಲ. ದೂರದ ಪಟ್ಟಣದ ಅಧಿಕೃತ ಅಂಗಡಿಯವರಿಗೆ ತೋಟಾ ಕೋವಿಯ ವ್ಯಾಪಾರದಲ್ಲಿ ಲಾಭವಿದೆ, ಕೇಪಿನ ಕೋವಿಯ ತಿರುಪಿನಲ್ಲಿ ಇಲ್ಲ. ಮೀರ್ ಕಾಸಿಂನ ಕಾಲದಿಂದ ಕೋವಿ ತಯಾರಿಕೆಗೆ ಹೆಸರಾದ ಬಿಹಾರದ ಮುಂಗೇರ್‌ಗೆ ಕೊಪ್ಪದ ಬೆಳೆಗಾರ ಹೋಗಲಾರ.

ಇದರ ಫಲ ಏನಾಗುತ್ತಿದೆ? ಕೋವಿ ಕೆಟ್ಟಿತೆಂದು ಮಂಗಗಳೇನೂ ಸುಮ್ಮನಿರುವುದಿಲ್ಲ. ಅದರ ಜಾಗಕ್ಕೆ ಪ್ಲಾಸ್ಟಿಕ್ ಕೊಳವೆಗೆ ಕಾರ್ಬೈಡ್ ಮತ್ತು ನೀರು ಹಾಕಿ ಸಿಡಿಸುವ ಸಾಧನಗಳು ತೋಟಗಳಿಗೆ ಬಂದಿವೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇವೇ ಕೊಳವೆಗಳು ಹಲವಾರು ಮಕ್ಕಳ ಕಣ್ಣುಗಳಿಗೆ ಹಾನಿ ಮಾಡಿದವು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅದಕ್ಕಿಂತ ಕ್ರೂರವಾದವು ಉರುಳು, ಹಣ್ಣಿನಲ್ಲಿ ಅಡಗಿಸಿಟ್ಟ ಸಿಡಿಮದ್ದು, ಬೇಲಿಗೆ ನೇರವಾಗಿ ಹರಿಸಿದ ವಿದ್ಯುತ್ತು. 2020ರಲ್ಲಿ ಕೇರಳದಲ್ಲಿ ಬಾಯಿ ಸೀಳಿಕೊಂಡು ನೀರಿನಲ್ಲಿ ನಿಂತೇ ಸತ್ತ ಗಬ್ಬದ ಆನೆಯನ್ನು ಯಾರೂ ಮರೆತಿರಲಾರರು. ಇವಾವುದಕ್ಕೂ ಪರವಾನಗಿ ಪುಸ್ತಕವಿಲ್ಲ, ನವೀಕರಣವಿಲ್ಲ, ಹೊಣೆಗಾರನ ಹೆಸರಿಲ್ಲ. ಹೆಸರು, ಸಂಖ್ಯೆ, ಮನೆ ಎಲ್ಲವೂ ದಾಖಲೆಯಲ್ಲಿರುವ ಕೋವಿಯನ್ನು ಕಷ್ಟಕ್ಕೆ ಗುರಿಮಾಡಿ, ದಾಖಲೆಯಿಲ್ಲದ ಹಿಂಸೆಗೆ ದಾರಿ ಬಿಡುವುದು ಆಡಳಿತದ ಜಾಣತನವಾಗಲಾರದು.

ಕೋವಿಯೆಂದರೆ ಮುಗ್ಧ ವಸ್ತು ಎಂದು ನಾನು ವಾದಿಸುತ್ತಿಲ್ಲ. ಮಲೆನಾಡಿನಲ್ಲಿ ಕಳ್ಳಬೇಟೆ ಇದೆ. ಪರವಾನಗಿಯಿಲ್ಲದ ನಾಡಕೋವಿಗಳಿವೆ. ಪ್ರಾಣಿಗಳು ಓಡಾಡುವ ದಾರಿಗೆ ಕೋವಿ ಕಟ್ಟುವ ನೀಚ ಪದ್ಧತಿಗೆ, ಹಂದಿಯೆಂದು ಭ್ರಮಿಸಿ ಹೊಡೆದ ಈಡಿಗೆ ಮನುಷ್ಯರೇ ಬಲಿಯಾದದ್ದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೆಳೆರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ಬೆಳೆ ನಾಶಮಾಡುವ ಪ್ರಾಣಿಯನ್ನು ಕೊಲ್ಲಲು ಅದೇ ಕಾಯ್ದೆಯ 11ನೇ ಕಲಮಿನ ಪ್ರಕಾರ ಬೇರೆ ಅನುಮತಿ ಬೇಕು. ಸದ್ದು ಮಾಡಿ ಓಡಿಸುವ ಸಲಕರಣೆಯಾಗಿಯೇ ಇಂದು ಈ ಕೋವಿಗೆ ಸಮರ್ಥನೆ ಇರುವುದು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ನಡೆದ ಎನ್‌ಕೌಂಟರ್, 2005ರ ಫೆಬ್ರುವರಿಯಲ್ಲಿ ಸಾಕೇತ್ ರಾಜನ್ ಹತ್ಯೆಯಾದ ಮೆಣಸಿನಹಾಡ್ಯದ ಘಟನೆಗಳ ನಂತರ ಈ ಮೂರು ತಾಲೂಕುಗಳಲ್ಲಿ ಕೋವಿ ಎಂಬ ಶಬ್ದಕ್ಕೇ ಬೇರೆ ಅರ್ಥ ಬಂದಿತ್ತು. ಆಗ ಪೊಲೀಸರು ಬಿಗಿಯಾದದ್ದು ಸಹಜ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಶರಣಾದ ಬಳಿಕ ಆ ಅಧ್ಯಾಯ ಬಹುಮಟ್ಟಿಗೆ ಮುಗಿದಿದೆ. ಅಂದಿನ ಸಂಶಯವನ್ನು ಇಂದೂ ಅಡಿಕೆ ಬೆಳೆಗಾರನ ಮೇಲೆ ಮುಂದುವರಿಸಲು ಕಾರಣಗಳಿಲ್ಲ.

ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಆದೇಶ ಮಲೆನಾಡಿನ ಹಳೆಯ ದೂರು. 2024ರಲ್ಲಿ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ ಜಾರಿಯಲ್ಲಿತ್ತು. ಚಿಕ್ಕಮಗಳೂರು ಸೇರಿದ ಕ್ಷೇತ್ರದಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ಕೇಳಬೇಕಾಗಿಲ್ಲ, ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಪ್ರಕರಣಗಳನ್ನು ನೋಡಿ ನಿರ್ಧರಿಸಬೇಕು ಎಂಬುದು ಚುನಾವಣಾ ಆಯೋಗದ್ದೇ ಸೂಚನೆ. ಅಪರಾಧದ ಹಿನ್ನೆಲೆಯಿಲ್ಲದ ಎಪ್ಪತ್ತರ ಹಿರಿಯರ ಕೇಪಿನ ಕೋವಿಯಿಂದ ಪ್ರಜಾಪ್ರಭುತ್ವಕ್ಕೆ ಅಪಾಯವಿದೆಯೆಂದು ನಂಬಲು ಅಧಿಕಾರಿಗಳಿಗೂ ಕಷ್ಟವೇ ಆದೀತು. ಆದರೂ ಎಲ್ಲವನ್ನೂ ತರಿಸಿಕೊಂಡುಬಿಡುವುದು ಕಡತದ ದೃಷ್ಟಿಯಿಂದ ಸುರಕ್ಷಿತ. ಸೇವೆಯಲ್ಲಿದ್ದವನಾಗಿ ಆ ಮನೋಧರ್ಮದ ಪರಿಚಯ ನನಗಿದೆ.

ಇದಕ್ಕಿಂತ ಗಂಭೀರವಾದದ್ದು ಕೋವಿ ಶಾಶ್ವತವಾಗಿ ಮನೆ ಬಿಡುವ ಸಂದರ್ಭ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತ ಕೋವಿಗೂ ಇದರಲ್ಲಿ ವಿನಾಯಿತಿಯಿಲ್ಲ. ಅಜ್ಜನ ಕೇಪಿನ ಕೋವಿ, ಅಪ್ಪನ ಜೋಡುನಳಿಗೆ, ತಾನು ಕೊಂಡ ತೋಟಾ ಕೋವಿ ಮೂರೂ ಇರುವ ಬೆಳೆಗಾರ ಯಾವುದನ್ನು ಬಿಟ್ಟುಕೊಟ್ಟಾನು? ಹಣದ ಬೆಲೆ ಕಡಿಮೆಯಿರುವ, ಚರಿತ್ರೆಯ ಬೆಲೆ ಹೆಚ್ಚಿರುವ ಅಜ್ಜನದನ್ನೇ. ಪರವಾನಗಿದಾರ ತೀರಿಕೊಂಡಾಗಲೂ ಇದೇ ಕತೆ. ಕಾಯ್ದೆಯ 21ನೇ ಕಲಮಿನ ಪ್ರಕಾರ ಕೋವಿಯನ್ನು ತಡಮಾಡದೆ ಠಾಣೆಗೆ ಅಥವಾ ಅಧಿಕೃತ ವ್ಯಾಪಾರಿಗೆ ಒಪ್ಪಿಸಬೇಕು. ನಿಗದಿತ ಅವಧಿಯಲ್ಲಿ ವಾರಸುದಾರರು ಪರವಾನಗಿ ಪಡೆದು ಬಿಡಿಸಿಕೊಳ್ಳದಿದ್ದರೆ, ಅರ್ಹರಿಗೆ ಮಾರದಿದ್ದರೆ ಅದು ಸರ್ಕಾರಕ್ಕೆ ಮುಟ್ಟುಗೋಲು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಅವರಿಗೆ ಈ ತಾಪತ್ರಯ ಬೇಡ. ಠಾಣೆಯವರಿಗೆ ಬಿಸಿನೀರು, ಎಣ್ಣೆ ಹಿಡಿದು ಕೂರುವ ಬಿಡುವಿಲ್ಲ, ಅದು ಅವರ ಕೆಲಸವೂ ಅಲ್ಲ. ಎರಡು ಮಳೆಗಾಲ ಕಳೆದರೆ ವಾರಸುದಾರ ಬಂದರೂ ಕೊಂಡೊಯ್ಯಲು ಉಳಿದಿರುವುದು ಹಳೆಯ ಕಬ್ಬಿಣ. 2016ರ ನಿಯಮಗಳ ಪ್ರಕಾರ ಪರವಾನಗಿದಾರರು 70 ವರ್ಷ ತುಂಬಿದ ಮೇಲೆ ಅಥವಾ ಕೋವಿಯನ್ನು 25 ವರ್ಷ ಹೊಂದಿದ್ದ ಬಳಿಕ ತಾವು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಪರವಾನಗಿ ಕೋರಲು ಅವಕಾಶವಿದೆ. ಈ ಸಂಗತಿ ತಿಳಿದವರು ಹಳ್ಳಿಗಳಲ್ಲಿ ಕಡಿಮೆ.

ನೆರೆಯ ಕೊಡಗಿನತ್ತ ನೋಡೋಣ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಡ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ, ವಿಸ್ತರಿಸಿತು. 2021ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ನಳಿಗೆಗೆ ತೋಕ್ ಪೂ ಇಟ್ಟು ಪೂಜಿಸುವ ದೃಶ್ಯ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಅಂಥ ವಿನಾಯಿತಿಯನ್ನು ಚಿಕ್ಕಮಗಳೂರು, ಶಿವಮೊಗ್ಗಗಳಿಗೂ ಕೊಡಿ ಎಂಬ ಬೇಡಿಕೆಯನ್ನು ನಾನು ಒಪ್ಪಲಾರೆ. ಪರವಾನಗಿ ವ್ಯವಸ್ಥೆ ಇರಲೇಬೇಕು. ಕೊಡಗಿನಿಂದ ನಾವು ಕಲಿಯಬಹುದಾದದ್ದು ಬೇರೆ. ಅಲ್ಲಿ ಕೋವಿ ಮನೆತನದ ವಸ್ತು, ಅದನ್ನು ಎಣಿಸುವ, ಕಾಪಾಡುವ, ಮುಂದಿನವರಿಗೆ ದಾಟಿಸುವ ಹೊಣೆ ಮನೆತನದ್ದು ಎಂಬ ಭಾವನೆ ಗಟ್ಟಿಯಾಗಿದೆ.

ಇನ್ನು ಏನು ಮಾಡಬಹುದು ಎಂಬ ವಿಚಾರ. ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಿಂದಲೂ ಬಂದೂಕಗಳ ನಳಿಗೆಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಸಂಸ್ಥೆಯಿದೆ. ನಮಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ಪ್ರತಿ ಜಿಲ್ಲೆಯ ಸಶಸ್ತ್ರ ಮೀಸಲು ಪಡೆಯಲ್ಲಿ ಆಯುಧಗಳ ದುರಸ್ತಿ ಬಲ್ಲ ಆರ್ಮರರ್‌ಗಳಿರುತ್ತಾರೆ. ವರ್ಷಕ್ಕೆ ಎರಡು ದಿನ, ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಅವರನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಗೆ ಕಳುಹಿಸಿ ಪರವಾನಗಿ ಕೋವಿಗಳನ್ನು ಪರೀಕ್ಷಿಸುವಂತೆ ಮಾಡಬಹುದು. ಶುಲ್ಕ ವಿಧಿಸಿದರೂ ಬೆಳೆಗಾರರು ಕೊಟ್ಟಾರು. ಬಳಸಲು ಯೋಗ್ಯವಲ್ಲದ ನಳಿಗೆಯನ್ನು ಅಲ್ಲಿಯೇ ಗುರುತಿಸಿದರೆ ಒಂದೆರಡು ಕೈಗಳಾದರೂ ಉಳಿದಾವು. 5ನೇ ಕಲಂ ದುರಸ್ತಿಯನ್ನು ನಿಷೇಧಿಸುವುದಿಲ್ಲ, ಪರವಾನಗಿ ಕೇಳುತ್ತದೆ ಅಷ್ಟೆ. ಕೈಯಲ್ಲಿ ಕಸಬು ಉಳಿದಿರುವ ಕಮ್ಮಾರರನ್ನು ಗುರುತಿಸಿ, ಅವರ ಪೂರ್ವಾಪರ ವಿಚಾರಿಸಿ, ಕೇವಲ ನೋಂದಾಯಿತ ಕೇಪಿನ ಕೋವಿಗಳ ದುರಸ್ತಿಗೆ ಷರತ್ತುಬದ್ಧ ಪರವಾನಗಿಯನ್ನು ಸರ್ಕಾರ ಕೊಡಿಸಬೇಕು. ಅಂಥವರೂ ಈಗ ಮುದುಕರು. ಇನ್ನು ಹತ್ತು ವರ್ಷ ಕಾದರೆ ಪರವಾನಗಿ ಇರುತ್ತದೆ, ಪಡೆಯುವವರು ಇರುವುದಿಲ್ಲ.

ವಾರಸುದಾರರು ಬೇಡವೆಂದ ಕೋವಿಗಳ ವಿಚಾರದಲ್ಲಿ ಕಾನೂನು ನಾವಂದುಕೊಂಡಷ್ಟು ಕುರುಡಲ್ಲ. ಹಳೆಯ ಮಾದರಿಯ, ಪ್ರಾಚ್ಯಮೌಲ್ಯದ ಅಥವಾ ಕೆಟ್ಟುಹೋದ ಆಯುಧ, ದುರಸ್ತಿ ಮಾಡಿದರೂ ಬಂದೂಕವಾಗಿ ಬಳಸಲು ಬಾರದಂತಿದ್ದರೆ, 45ನೇ ಕಲಂ ಅದನ್ನು ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಡುತ್ತದೆ. ನೂರು ವರ್ಷ ದಾಟಿದ ಕಲಾತ್ಮಕ, ಚಾರಿತ್ರಿಕ ವಸ್ತುಗಳನ್ನು 1972ರ ಪ್ರಾಚ್ಯವಸ್ತು ಕಾಯ್ದೆ ಪುರಾತನ ವಸ್ತುವೆಂದು ಗುರುತಿಸಿ ಹೊರದೇಶಕ್ಕೆ ಸಾಗಿಸದಂತೆ ತಡೆಯುತ್ತದೆ. ಹೀಗಿರುವಾಗ ಮುಟ್ಟುಗೋಲಾದ ಕೋವಿಗಳನ್ನು ನಾಶಕ್ಕೆ ಕಳುಹಿಸುವ ಮುನ್ನ ಪ್ರಾಚ್ಯವಸ್ತು, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಒಬ್ಬ ಅಧಿಕಾರಿ ನೋಡಲಿ. ಯೋಗ್ಯವೆನಿಸಿದವನ್ನು ಆರ್ಮರರ್‌ನಿಂದ ಶಾಶ್ವತವಾಗಿ ನಿಷ್ಕ್ರಿಯಗೊಳಿಸಿ, ಯಾವ ಊರಿನದು, ಯಾವ ಕಾಲದ್ದು, ನಳಿಗೆಯ ಮೇಲೆ ಯಾವ ಗುರುತಿದೆ ಎಂದು ಬರೆದಿಟ್ಟು ಶಿವಮೊಗ್ಗದ ಅರಮನೆಗೋ, ತಾಲೂಕಿನ ಕಾಲೇಜಿಗೋ ಕೊಡಲಿ. ಮನೆಯವರೇ ಕೇಳಿದರೆ ಅವರ ಗೋಡೆಗೇ ಹಿಂದಿರುಗಲಿ.

ಇದರಲ್ಲಿ ಹೆಚ್ಚಿನದಕ್ಕೆ ಸಂಸತ್ತಿನ ಅನುಮೋದನೆ ಬೇಕಿಲ್ಲ. ಪರಿಶೀಲನಾ ಸಮಿತಿ ನಿಜವಾಗಿ ಪರಿಶೀಲಿಸುವುದಕ್ಕೆ ಜಿಲ್ಲಾಧಿಕಾರಿಗಳ ಮನಸ್ಸು ಸಾಕು. ಆರ್ಮರರ್‌ಗಳ ಪ್ರವಾಸಕ್ಕೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಒಂದು ಜ್ಞಾಪನ ಸಾಕು. ಠಾಣೆಯಲ್ಲಿ ಕೋವಿ ಒಪ್ಪಿಸಿದವರಿಗೆ ಕೊಡುವ ರಸೀದಿಯ ಜೊತೆಗೆ, ಎಷ್ಟು ದಿನದೊಳಗೆ ಏನು ಮಾಡದಿದ್ದರೆ ಕೋವಿ ಕೈತಪ್ಪುತ್ತದೆ, ಎಪ್ಪತ್ತು ತುಂಬಿದವರು ಏನು ಮಾಡಬಹುದು ಎಂಬುದನ್ನು ಕನ್ನಡದಲ್ಲಿ ಅಚ್ಚುಹಾಕಿಸಿದ ಅರ್ಧ ಹಾಳೆಯನ್ನು ಕೊಡಬಹುದು. ಗ್ರಾಮ ಪಂಚಾಯಿತಿ ಕಚೇರಿಗಳ ಸೂಚನಾ ಫಲಕದಲ್ಲಿಯೂ ಅದು ಇರಲಿ. ಈ ಮಳೆಗಾಲಕ್ಕೆ ಮುಂಚೆ ಇಷ್ಟಾದರೂ ಆದರೆ, ಈಗ ಠಾಣೆಗಳ ಮೂಲೆಯಲ್ಲಿ ಒರಗಿರುವ ಕೋವಿಗಳಲ್ಲಿ ಕೆಲವನ್ನಾದರೂ ಅವುಗಳ ಮನೆಯವರು ತುಕ್ಕು ಹಿಡಿಯುವ ಮೊದಲು ಬಿಡಿಸಿಕೊಂಡು ಹೋದಾರು.